ಹೊಸ ಗುಂಡಿಯ ಬೂದಿ

ಹೊಳೆಯ ತಿರುವಿನಲ್ಲಿ ಒಂದು ಮಠವಿತ್ತು. ಮಠ ಅಂದರೆ ದೊಡ್ಡದೇನಲ್ಲ. ಒಂದು ಪಡಸಾಲೆ, ಪಕ್ಕದಲ್ಲಿ ಪೂಜೆಯ ಕೋಣೆ, ಹಿತ್ತಲಲ್ಲಿ ದನದ ಕೊಟ್ಟಿಗೆ.

ಅಲ್ಲಿದ್ದ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಅವರ ಶಿಷ್ಯ ಮಡಿವಾಳಯ್ಯ ಮೂವತ್ತರ ಆಸುಪಾಸಿನವನು. ಕೆಲಸದಲ್ಲಿ ಚುರುಕು, ಬೇಸರಪಡುವುದರಲ್ಲಿ ಇನ್ನೂ ಚುರುಕು.

ಆ ಮಠಕ್ಕೆ ಹೆಸರು ಬಂದದ್ದು ಬೂದಿಯಿಂದ. ಸಗಣಿಯ ಕುಳ್ಳುಗಳನ್ನು ಗುಂಡಿಯಲ್ಲಿ ಒಟ್ಟಿ, ಹೊಟ್ಟು ಮುಚ್ಚಿ ಬೆಂಕಿ ಇಡಬೇಕು. ಆರಿದ ಮೇಲೆ ಬೂದಿಯನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಉಂಡೆ ಕಟ್ಟಿ ಒಣಗಿಸಬೇಕು. ಇದೆಲ್ಲ ಮಡಿವಾಳಯ್ಯನ ಕೆಲಸ.

ಸುತ್ತಲಿನ ಊರಿನವರು ಆ ಬೂದಿಯನ್ನು ಹಣೆಗೆ ಹಚ್ಚುತ್ತಿದ್ದರು. ಕೂಸಿಗೆ ಮೊದಲ ಸಲ ಅನ್ನ ಉಣ್ಣಿಸುವ ದಿನ ಹೊಸ ಗುಂಡಿಯ ಬೂದಿಯನ್ನೇ ಕೇಳಿ ಒಯ್ಯುತ್ತಿದ್ದರು. ಒಂದು ಚಿಟಿಕೆ ಹಾಲಿಗೆ ಹಾಕಿ ಕೂಸಿನ ನಾಲಿಗೆಗೆ ಬಿಡುವುದು ಅಲ್ಲಿಯ ವಾಡಿಕೆ.

ಒಂದು ದಿನ ಅಜ್ಜಾರು ಶಿಷ್ಯನ ಕೈಗೆ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟರು. ಒಳಗೆ ತೀರಿದ ಸೆಲ್ಲುಗಳು. ಗೋಡೆಯ ಗಡಿಯಾರದವು, ಟಾರ್ಚಿನವು, ಪ್ರವಚನದ ಮೈಕಿನವು, ಭಕ್ತರು ತಂದುಕೊಟ್ಟ ಇನ್ನೂ ಏನೇನೋ. ಒಂದೊಂದರ ತುದಿಗೂ ಅಜ್ಜಾರು ಕೂತು ಟೇಪು ಅಂಟಿಸಿದ್ದರು.

“ಇವನ್ನ ಪ್ಯಾಟಿಗೆ ಒಯ್ದು ಕೊಟ್ಟು ಬಾ. ಪುರಸಭೆಯವರು ಕಸಾ ಬ್ಯಾರೆ ಮಾಡೂ ಜಾಗಾದಾಗ ತಗೋತಾರ.”

ಮಡಿವಾಳಯ್ಯನಿಗೆ ನಗು ಬಂತು. “ಸತ್ತ ಸೆಲ್ಲಿಗೆ ಇಷ್ಟು ಉಪಚಾರ ಯಾಕ್ರಿ ಅಜ್ಜಾರ?”

“ಸತ್ತಿಲ್ಲಪಾ. ದಣದಾವ. ಹೊಟ್ಟ್ಯಾಗಿನ ವಿಷಾ ಹಂಗ ಐತಿ.”

“ಹೊಳಿಗೆ ಬಿಟ್ರ?”

“ಮೀನಾ ಕುಡೀತಾವ.”

“ಹುಗದ್ರ?”

“ಬಾವಿ ಕುಡೀತೈತಿ.”

ಬೆಂಕಿಯ ಮಾತನ್ನು ಮಡಿವಾಳಯ್ಯ ಕೇಳಲಿಲ್ಲ. ಆಗ ಅದು ಅವನಿಗೆ ಹೊಳೆದಿರಲಿಲ್ಲ.

ಡಬ್ಬಿ ಹಿಡಿದು ರಸ್ತೆಗೆ ಹೋಗಿ ನಿಂತ. ಬಿಸಿಲು ನೆತ್ತಿ ಸುಡುತ್ತಿತ್ತು. ಬಸ್ಸು ಬಂತು, ಬಾಗಿಲಲ್ಲೂ ಜನ ನೇತಾಡುತ್ತಿದ್ದರು, ನಿಲ್ಲಿಸದೇ ಹೋಯಿತು. ಇನ್ನೊಂದು ಬಸ್ಸಿಗೆ ಕಾಯುವ ತಾಳ್ಮೆ ಅವನ ಜಾಯಮಾನದಲ್ಲೇ ಇರಲಿಲ್ಲ.

ಮರಳಿ ಬಂದ. ಹಿತ್ತಲಲ್ಲಿ ಹೊಸ ಗುಂಡಿ ಸಿದ್ಧವಾಗಿತ್ತು. ಕುಳ್ಳು ಒಟ್ಟಿದ್ದ, ಹೊಟ್ಟು ಮುಚ್ಚಿ ಬೆಂಕಿ ಇಡುವುದೊಂದೇ ಬಾಕಿ.

ಹಿಂದೆ ಯಾವಾಗಲೋ ಅಜ್ಜಾರು ಪ್ರವಚನದಲ್ಲಿ ಆಡಿದ ಮಾತು ಆಗ ಅವನ ತಲೆಗೆ ಬಂತು. ಬೆಂಕಿಗೆ ಬಿದ್ದ ಮೇಲೆ ಯಾವುದಕ್ಕೂ ಹೆಸರು ಉಳಿಯುವುದಿಲ್ಲ, ಎಲ್ಲಾ ಬೂದಿ. ಮೈಗಳ್ಳತನ ಬಂದವನಿಗೆ ವೇದಾಂತ ಬಲು ಬೇಗ ನೆನಪಾಗುತ್ತದೆ.

ಡಬ್ಬಿಯ ಮುಚ್ಚಳ ತೆಗೆದು ಕುಳ್ಳಿನ ಸಂದಿಗೆ ಸುರಿದ. ಹೊಟ್ಟು ಮುಚ್ಚಿದ. ಬೆಂಕಿ ಇಟ್ಟ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ.

ಆಮೇಲೆ ಗುಂಡಿಯೊಳಗೆ ಢಬ್ ಅಂತ ಸಿಡಿಯಿತು. ಹೊಟ್ಟು ಹಾರಿ ಅವನ ಮುಖಕ್ಕೆ ಬಿತ್ತು. ಇನ್ನೊಂದು ಸಿಡಿಯಿತು, ಮತ್ತೊಂದು. ಎಂದೂ ಬಾರದ ಕಟು ವಾಸನೆ ಎದ್ದು ಗಂಟಲು ಉರಿಯತೊಡಗಿತು. ಕೊಟ್ಟಿಗೆಯಲ್ಲಿ ಆಕಳು ಹಗ್ಗ ಜಗ್ಗಿ ಕೂಗಿತು.

ಮಡಿವಾಳಯ್ಯ ಹಿಂದೆ ಸರಿದು ಗೋಡೆಗೆ ಒತ್ತಿ ನಿಂತ.

ಒಳಗಿಂದ ಅಜ್ಜಾರ ದನಿ ಬಂತು. “ಏನದು ಸಪ್ಪಳಾ?”

“ಬಿದಿರಿನ ತುಂಡು ಸಿಡೀತ್ರಿ.”

“ಸೆಲ್ಲು ಕೊಟ್ಟು ಬಂದಿ?”

“ಹೂನ್ರಿ.”

ಉಸಿರು ಬಿಡುವುದರೊಳಗೆ ಎರಡು ಸುಳ್ಳು ಆಗಿಹೋಗಿದ್ದವು. ಮೂರನೆಯದು ಎಲ್ಲಿ ಬೇಕಾಗುತ್ತದೋ ಅಂತ ಅವನಿಗೆ ಆಗಲೇ ಅಂಜಿಕೆ ಶುರುವಾಯಿತು.

ಗುಂಡಿ ಆರಿದ ಮೇಲೆ ಇಳಿದು ನೋಡಿದ. ತಳದಲ್ಲಿ ಸೆಲ್ಲುಗಳ ತಗಡು ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಒಳಗಿದ್ದದ್ದು ಒಂದರಲ್ಲೂ ಉಳಿದಿರಲಿಲ್ಲ. ಎಲ್ಲಿಗೆ ಹೋಯಿತು ಅನ್ನುವುದನ್ನು ಅವನು ಯೋಚಿಸಲು ಹೋಗಲಿಲ್ಲ.

ತಗಡನ್ನೆಲ್ಲ ಆರಿಸಿ ಚೀಲಕ್ಕೆ ಹಾಕಿ ಕೊಟ್ಟಿಗೆಯ ಹಿಂದೆ ಅಡಗಿಸಿದ. ಬೂದಿಯನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿದ, ಮತ್ತೆ ಸೋಸಿದ. ಆದರೂ ಎಂದಿನ ಬಿಳುಪು ಬರಲಿಲ್ಲ, ಉಂಡೆಗಳಲ್ಲಿ ಒಂದು ನಮೂನೆಯ ಕಪ್ಪು ಛಾಯೆ ಉಳಿಯಿತು.

ಬೆಳಕಿನ ಮೋಸ ಅಂದುಕೊಂಡ. ಬಿಸಿಲಿಗೆ ಒಯ್ದು ನೋಡಿದ. ಬಿಸಿಲಲ್ಲೂ ಹಾಗೇ ಇತ್ತು.

ಉಂಡೆ ಒಣಗುತ್ತಿದ್ದ ಹಾಗೆ ದಾಕ್ಷಾಯಣಿ ಬಂದಳು. ಹೊಳೆಯ ಕೆಳಗಿನ ಊರಿನ ಸೊಸೆ, ಚೊಚ್ಚಲ ಕೂಸಿನ ತಾಯಿ. ಬಗಲಲ್ಲಿ ಹೆಣ್ಣು ಕೂಸು.

“ನಾಳೆ ಕೂಸಿಗೆ ಉಣಸತೇವ್ರಿ ಅಜ್ಜಾರ.”

ಅಜ್ಜಾರ ಮುಖ ಅರಳಿತು. “ಚಲೋ ಆತವಾ. ಮಡಿವಾಳಯ್ಯ, ಹೊಸಾ ಗುಂಡಿದು ಕೊಡು.”

ಅವನು ಅಲ್ಲಾಡಲಿಲ್ಲ.

“ಕೊಡಪಾ.”

ಆಗ ಹೇಳಬಹುದಿತ್ತು. ಬಾಯಿ ತೆರೆದರೆ ಸುಳ್ಳುಗಳೆಲ್ಲ ಒಂದರ ಹಿಂದೆ ಒಂದು ಹೊರಗೆ ಬರುತ್ತವೆ, ಅಜ್ಜಾರು ಅಗಸೆ ಬಾಗಿಲ ಕಡೆ ಕೈ ತೋರಿಸುತ್ತಾರೆ, ತನಗೆ ಹೋಗಲು ಬೇರೆ ಮನೆಯಿಲ್ಲ. ಅಷ್ಟೇ ಅವನಿಗೆ ಕಂಡದ್ದು.

ಒಂದು ಉಂಡೆ ಕಾಗದದಲ್ಲಿ ಸುತ್ತಿ ಕೊಟ್ಟ. ಕೂಸು ಅವನ ಬೆರಳು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಅವನಿಗೆ ಧೈರ್ಯ ಸಾಲಲಿಲ್ಲ, ತಾಯಿಯೇ ನಕ್ಕು ಬಿಡಿಸಿದಳು. ಪೊಟ್ಟಣ ಕಣ್ಣಿಗೊತ್ತಿಕೊಂಡು ಹೋದಳು.

ಅವತ್ತು ಅವನು ತನ್ನ ಪಾಲಿನ ರೊಟ್ಟಿಯನ್ನು ಆಕಳಿಗೆ ಹಾಕಿದ. ಒಂದು ಚಿಟಿಕೆ ತಾನೇ, ಎರಡು ಸಲ ಸೋಸಿದ್ದೇನೆ, ಏನೂ ಆಗುವುದಿಲ್ಲ ಅಂತ ತನಗೆ ತಾನೇ ಹೇಳಿಕೊಂಡ.

ಬೆಳಗಾಯಿತು. ಅಜ್ಜಾರು ಪೂಜೆಗೆ ಕೂತು ಬೂದಿಗೆ ಕೈ ಚಾಚಿದರು. ಮಡಿವಾಳಯ್ಯ ಒಂದು ಉಂಡೆ ಇಟ್ಟ.

“ಇದು ಹಳೇದು.”

“ಹೂನ್ರಿ.”

“ಹೊಸಾದು ಒಣಗಿಲ್ಲೇನು?”

“ಒಣಗೈತ್ರಿ.”

“ಮತ್ತ?”

ಮಡಿವಾಳಯ್ಯ ಹಳೆಯ ಉಂಡೆಯನ್ನೇ ಇನ್ನಷ್ಟು ಮುಂದೆ ಸರಿಸಿದ.

ಅಜ್ಜಾರು ಅವನ ಮುಖವನ್ನೇ ನೋಡಿದರು. “ಏನೈತಿ ಅದರಾಗ?”

ಅವನು ಹೇಳಿದ. ಬಸ್ಸು, ಬಿಸಿಲು, ಗುಂಡಿ, ಸಿಡಿದದ್ದು, ಚೀಲದಲ್ಲಿ ಅಡಗಿಸಿದ್ದು, ಎಲ್ಲಾ. ಹೇಳುವಾಗ ನೆಲ ನೋಡುತ್ತಿದ್ದ.

ಏನೋ ಬಿದ್ದ ಸಪ್ಪಳವಾಯಿತು. ತಲೆ ಎತ್ತಿದರೆ ಅಜ್ಜಾರ ಕೈಯಿಂದ ಉಂಡೆ ಜಾರಿತ್ತು. ಅವರ ತುಟಿ ಅದುರುತ್ತಿತ್ತು. ಅಜ್ಜಾರು ಹೆದರಿದ್ದನ್ನು ಅವನು ಅದುವರೆಗೆ ಕಂಡಿರಲಿಲ್ಲ. ಕಂಡಾಗ ಅವನ ಜೀವ ಹಾರಿಹೋಯಿತು.

“ನನ್ನ ಹಣಿಗೆ ಇಡಾಕ ನಿನ್ನ ಕೈ ಬರಲಿಲ್ಲ. ಆ ಕೂಸಿಗೆ ಕೊಡಾಕ ಬಂತಲ್ಲೋ!”

ಅವನು ಕಾಲಿಗೆ ಬಿದ್ದ.

“ಬೀಳಬ್ಯಾಡ. ಏಳು. ಹೋಗಿ ವಾಪಸ್ ತಾ.”

“ಮಠ ಕೊಟ್ಟದ್ದನ್ನ ವಾಪಸ್ ಬೇಡಿದ್ದು ಎಂದೂ ಇಲ್ರಿ.”

“ಮಠ ವಿಷಾ ಕೊಟ್ಟಿದ್ದೂ ಎಂದೂ ಇಲ್ಲ.”

“ಏನಂತ ಹೇಳ್ಲಿರಿ? ಮೈಲಿಗಿ ಆಗೇತಿ ಅಂದ್ರ ಸಾಕಲ್ರಿ?”

“ಮೈಲಿಗಿ ಅಂದ್ರ ಗೋಮೂತ್ರ ಚಿಮುಕಿಸಿ ಕೂಸಿನ ಬಾಯಿಗೆ ಹಾಕ್ತಾರ. ಇದ್ದದ್ದು ಹೇಳು. ಓಡು!”

ಅವನು ಓಡಿದ. ಹೊಳೆಯ ದಂಡೆಯ ಕಾಲುಹಾದಿಯಲ್ಲಿ ಎಡವಿ ಬಿದ್ದು ಎದ್ದು ಓಡಿದ. ಈಗ ಹಾಲು ಕಾಯಿಸುತ್ತಿರಬಹುದು. ಈಗ ಬೂದಿ ಹಾಕುತ್ತಿರಬಹುದು. ಈಗ ಕೂಸು ಬಾಯಿ ತೆರೆಯುತ್ತಿರಬಹುದು. ಹೆಜ್ಜೆ ಹೆಜ್ಜೆಗೂ ಇದೇ ಕಣ್ಣ ಮುಂದೆ.

ದಾಕ್ಷಾಯಣಿಯ ಮನೆಯ ಮುಂದೆ ಚಪ್ಪಲಿಗಳು ರಾಶಿ ಬಿದ್ದಿದ್ದವು. ಒಳಗೆ ಬೀಗರು, ನೆಂಟರು. ಅತ್ತೆಯ ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಬೆಳ್ಳಿಯ ಬಟ್ಟಲು.

ಬಾಗಿಲಲ್ಲಿ ಅವನನ್ನು ಕಂಡ ಕೂಡಲೇ ಮನೆಗೆ ಮನೆಯೇ ಎದ್ದು ನಿಂತಿತು.

“ಮಠದ ಅಯ್ಯಾರು ಬಂದ್ರು! ಅಜ್ಜಾರ ಕಳಿಸ್ಯಾರ!”

ಯಾರೋ ಕಾಲಿಗೆ ನೀರು ಹಾಕಿದರು. ಯಾರೋ ಬಗ್ಗಿ ನಮಸ್ಕರಿಸಿದರು. ಅವನು ಏದುಸಿರು ಬಿಡುತ್ತ ಮಾತಿಗೆ ತಡಕಾಡುತ್ತಿದ್ದ. ಅಷ್ಟರಲ್ಲಿ ಅತ್ತೆ ಬಟ್ಟಲು ಎತ್ತಿ ಅವನ ಕೈಗೇ ಕೊಟ್ಟಳು.

“ಕೂಸಿನ ಪುಣ್ಯಾರಿ. ನಿಮ್ಮ ಕೈಲೇ ಹಾಕ್ರಿ ಅಯ್ಯಾರ.”

ಕೂಸು ಚಮಚ ಕಂಡು ಬಾಯಿ ತೆರೆಯಿತು.

ಮಡಿವಾಳಯ್ಯ ಬಟ್ಟಲನ್ನು ಎದೆಗೆ ಒತ್ತಿಕೊಂಡ. ಹಾಲು ಅಂಗಿಯ ಮೇಲೆ ಚೆಲ್ಲಿತು. “ಕುಡಸಬ್ಯಾಡ್ರಿ! ಬೂದ್ಯಾಗ ವಿಷಾ ಐತ್ರಿ. ನಾನು ಗುಂಡ್ಯಾಗ ಸೆಲ್ಲು ಸುಟ್ಟೇನಿ.”

ಅತ್ತೆ ಕೂಸನ್ನು ಎದೆಗೆ ಎಳೆದುಕೊಂಡಳು.

ದಾಕ್ಷಾಯಣಿ ಮುಂದೆ ಬಂದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. “ನಸುಕಿನ್ಯಾಗ ದೇವರ ಮುಂದ ಒಂದ ಚಮಚಾ ಹಾಕೇವಲ್ರೀ.”

ಕೂಸಿನ ಸೋದರಮಾವ ಮಡಿವಾಳಯ್ಯನ ಕೊರಳಪಟ್ಟಿ ಹಿಡಿದ. ಹೊಡೆಯಲು ಎತ್ತಿದ ಕೈಯನ್ನು ದಾಕ್ಷಾಯಣಿಯೇ ತಡೆದಳು. “ಆಮ್ಯಾಲ ಬಡಿ. ಮೊದಲ ದವಾಖಾನಿ.”

ಪಕ್ಕದ ಮನೆಯವರ ಟೆಂಪೋದಲ್ಲಿ ಪೇಟೆಗೆ ಹೋದರು. ಬಟ್ಟಲು, ಉಳಿದ ಬೂದಿಯ ಪೊಟ್ಟಣ ಮಡಿವಾಳಯ್ಯನ ತೊಡೆಯ ಮೇಲಿದ್ದವು. ಕೂಸು ದಾರಿಯುದ್ದಕ್ಕೂ ನಗುತ್ತ ಕೈ ಬಡಿಯುತ್ತಿತ್ತು. ಅದು ಅತ್ತಿದ್ದರೇ ಅವನಿಗೆ ಮೇಲಾಗುತ್ತಿತ್ತು.

ದವಾಖಾನೆಯ ಡಾಕ್ಟರಮ್ಮ ಕೂಸಿನ ಬಾಯಿ, ಗಂಟಲು, ಹೊಟ್ಟೆ ನೋಡಿದರು. ಆಮೇಲೆ ಅವನ ಕಡೆ ತಿರುಗಿದರು. “ಎಂಥಾ ಸೆಲ್ಲು ಹಾಕಿದ್ರಿ?”

“ಗಡಿಯಾರದವ್ರಿ. ಟಾರ್ಚಿನವು. ಮತ್ತ...”

“ಮತ್ತೆ? ಅಂಗಿ ಗುಂಡಿಯಂಥ ಸಣ್ಣವು ಇದ್ವಾ? ಚಾರ್ಜ್ ಮಾಡೋವು?”

ಅವನಿಗೆ ಗೊತ್ತಿರಲಿಲ್ಲ. ಸುರಿಯುವಾಗ ಅವನು ಡಬ್ಬಿಯೊಳಗೆ ನೋಡಿರಲೇ ಇಲ್ಲ.

“ಸುಟ್ರ ವಿಷಾ ಹೋಗತೈತಿ ಅಂದುಕೊಂಡಿದ್ನಿರಿ.”

“ಲೋಹ ಎಲ್ಲಿಗೆ ಹೋಗುತ್ತೆ? ಸ್ವಲ್ಪ ಹೊಗೆಯಲ್ಲಿ ಏರುತ್ತೆ, ಉಳಿದದ್ದು ಬೂದಿಯಲ್ಲಿ ಕೂರುತ್ತೆ.” ಡಾಕ್ಟರಮ್ಮ ಕೂಸಿನ ರಕ್ತ ತೆಗೆದರು. ಬೂದಿಯನ್ನೂ ಒಂದಿಷ್ಟು ಶೀಶೆಗೆ ಹಾಕಿಕೊಂಡರು. “ಇವನ್ನು ಪರೀಕ್ಷೆಗೆ ದೊಡ್ಡ ಊರಿಗೆ ಕಳಿಸಬೇಕು. ಅಲ್ಲಿಂದ ಉತ್ತರ ಬರೋವರೆಗೂ ಎದೆಹಾಲು ಬಿಟ್ಟು ಬೇರೇನೂ ಬೇಡ. ವಾಂತಿಯಾದರೆ, ಮಂಕಾದರೆ ಕೂಡಲೇ ಕರ್ಕೊಂಡು ಬನ್ನಿ.”

ದಾಕ್ಷಾಯಣಿ ಕೇಳಿದಳು, “ಏನೂ ಆಗೂದಿಲ್ಲಲ್ರೀ?”

“ನೋಡೋಣಮ್ಮ,” ಅಂದರು ಅವರು. ಆಗುವುದಿಲ್ಲ ಅನ್ನಲಿಲ್ಲ.

ಮಡಿವಾಳಯ್ಯ ಬಟ್ಟಲು, ಪೊಟ್ಟಣ ಹಿಡಿದು ಮಠಕ್ಕೆ ಬಂದ. ಅಜ್ಜಾರು ಹಿತ್ತಲಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಗುಂಡಿಯ ಪಕ್ಕ ಕೂತಿದ್ದರು. ಬೂದಿಯ ಉಂಡೆಗಳು, ತಗಡು, ಕಪ್ಪಾದ ಮಣ್ಣು ಎಲ್ಲವನ್ನೂ ಮುಚ್ಚಳದ ಡ್ರಮ್ಮಿಗೆ ತುಂಬುತ್ತಿದ್ದರು.

ಅವನೂ ಸಲಿಕೆ ಹಿಡಿದ. ಹೊಳೆಯ ಕಡೆ ಒಮ್ಮೆ ನೋಡಿದ. ಹೊಳೆಗೆ ಬಿಟ್ಟರೇನು ಅಂತ ಈ ಸಲ ಅಜ್ಜಾರನ್ನು ಕೇಳಲಿಲ್ಲ.

ಮರುದಿನ ಡ್ರಮ್ಮನ್ನು ಪುರಸಭೆಯ ಕಸದ ಜಾಗಕ್ಕೆ ಮುಟ್ಟಿಸಿದ. ಅಲ್ಲಿಯವನು ಮುಚ್ಚಳ ತೆಗೆದು ನೋಡಿ ಸಿಟ್ಟಿಗೆದ್ದ. “ಸೆಲ್ಲು ಇದ್ದಂಗ ತಂದಿದ್ರ ಅದರಾಗಿನ ಉಕ್ಕು, ಸತುವು ತಗದು ಮತ್ತ ಹೊಸಾ ಸಾಮಾನು ಮಾಡತಿದ್ರು. ನೀವು ಅದನ್ನ ಹಾಳ ಮಾಡಿ, ಒಳ್ಳೇ ಬೂದೀನೂ ಹಾಳ ಮಾಡಿ ತಂದೀರಿ. ಇದನ್ನ ವಿಷದ ಕಸಾ ಅಂತ ಬ್ಯಾರೆ ಕಳಸಬೇಕು.”

ಮಡಿವಾಳಯ್ಯ ತಲೆ ತಗ್ಗಿಸಿ ಕೇಳಿಸಿಕೊಂಡ. ಬೈಸಿಕೊಂಡಷ್ಟು ಹೊತ್ತಾದರೂ ಕೂಸಿನ ನೆನಪು ಮರೆಯಾಗಿತ್ತು.

ಅವನು ಮರಳಿದಾಗ ಮಠಕ್ಕೆ ಬಂದ ಭಕ್ತರು ಪಡಸಾಲೆಯಲ್ಲೇ ಗಕ್ಕನೆ ನಿಂತಿದ್ದರು. ಹಳೆಯ ಬೂದಿಯನ್ನೂ ಹಚ್ಚದೆ ಅಜ್ಜಾರು ಹಣೆ ಬರಿದು ಬಿಟ್ಟಿದ್ದರು.

ಬೂದಿಯಿಲ್ಲದ ಅಜ್ಜಾರನ್ನು ಆ ಸೀಮೆಯಲ್ಲಿ ಯಾರೂ ಕಂಡವರಿಲ್ಲ. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಏನೋ ಕೇಡು ಬಂದಿದೆ ಅಂತ ಎಲ್ಲರಿಗೂ ದಿಗಿಲಾಯಿತು.

“ಯಾಕ್ರಿ ಅಜ್ಜಾರ, ಹಣಿ ಬೋಳಾಗೇತಿ?”

ಅಜ್ಜಾರು ಮಡಿವಾಳಯ್ಯನ ಕಡೆ ಕೈ ತೋರಿಸಿದರು. “ಅವನ್ನ ಕೇಳ್ರಿ.”

ಅವನು ಹೇಳಬೇಕಾಯಿತು. ಅವರು ಹೋದರೆ ಇನ್ನೊಬ್ಬರು ಬಂದರು, ಮತ್ತೆ ಹೇಳಬೇಕಾಯಿತು. ಅಜ್ಜಾರು ಅಗಸೆಯಿಂದ ಹೊರಗೆ ಹಾಕಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ. ಮೊದಲು ಮಾತು ತೊದಲುತ್ತಿತ್ತು. ಬರಬರುತ್ತ ಕಣ್ಣೆತ್ತಿ ಹೇಳುವುದನ್ನು ಕಲಿತ.

ಒಬ್ಬ ಮುದುಕ ಬೈದ. ಒಬ್ಬಳು ಎದ್ದು ಹೋದಳು.

ಇನ್ನೊಬ್ಬಾಕೆ ಕೇಳುತ್ತ ಕೇಳುತ್ತ ಬೆವತಳು. “ನಮ್ಮನ್ಯಾಗ ಸೆಲ್ಲು ತೀರಿದ್ರ ಬಚ್ಚಲ ಒಲೀಗೆ ಒಗೀತೇವ್ರಿ. ಅದ ಬೂದೀಲೇ ಭಾಂಡೆ ತಿಕ್ಕತೇನಿ.”

“ಇನ್ನ ತಿಕ್ಕಬ್ಯಾಡ್ರಿ ಯವ್ವಾ,” ಅಂದ ಮಡಿವಾಳಯ್ಯ. “ಇನ್ನ ಒಗೀಬ್ಯಾಡ್ರಿ. ತುದಿಗೆ ಟೇಪ ಹಚ್ಚಿ, ಮಕ್ಕಳ ಕೈಗೆ ಸಿಗದಂಗ ಒಣಾ ಡಬ್ಬ್ಯಾಗ ಇಡ್ರಿ. ನನ್ನ ಕೈಯಾಗ ಕೊಡ್ರಿ, ನಾ ಒಯ್ಯತೇನಿ.”

ಅಜ್ಜಾರು ಒಳಗಿಂದ ಇದನ್ನು ಕೇಳಿದರು. ಆದರೂ ಹಣೆಗೆ ಏನೂ ಹಚ್ಚಲಿಲ್ಲ.

ದಿನಗಳು ಹೋದವು, ಉತ್ತರ ಬರಲಿಲ್ಲ. ಊರ ಕಡೆಯಿಂದ ಯಾರಾದರೂ ಅವಸರದಲ್ಲಿ ಬರುವುದು ಕಂಡರೆ ಮಡಿವಾಳಯ್ಯ ಕೈಯಲ್ಲಿದ್ದದ್ದು ಬಿಟ್ಟು ನಿಲ್ಲುತ್ತಿದ್ದ. ಎಲ್ಲೋ ಕೂಸು ಅತ್ತರೆ ಅದೇ ಕೂಸು ಅನಿಸುತ್ತಿತ್ತು. ನೋಡಿ ಬರಲು ಹೋಗಬೇಕು ಅನಿಸುತ್ತಿತ್ತು, ಹೊರಟವನು ಅಗಸೆಯವರೆಗೆ ಹೋಗಿ ಮರಳುತ್ತಿದ್ದ.

“ಅಜ್ಜಾರ, ಕೂಸಿಗೆ ಏನರ ಆದ್ರ?”

“ನನಗೂ ಅದ ಅಂಜಿಕಿ ಐತಪಾ,” ಅಂದರು ಅಜ್ಜಾರು.

ಸಮಾಧಾನ ಸಿಕ್ಕೀತು ಅಂತ ಕೇಳಿದ್ದ. ಅದು ಅಜ್ಜಾರ ಹತ್ತಿರವೂ ಇರಲಿಲ್ಲ.

ಒಂದು ಮುಂಜಾನೆ ದಾಕ್ಷಾಯಣಿಯೇ ಬಂದಳು. ಹೆಗಲ ಮೇಲೆ ಕೂಸು ಮಲಗಿತ್ತು. ಮಡಿವಾಳಯ್ಯ ಅದರ ಬೆನ್ನನ್ನೇ ನೋಡಿದ. ಬೆನ್ನು ಏರಿತು, ಇಳಿಯಿತು. ಆಮೇಲೆ ಅವನು ಉಸಿರು ಬಿಟ್ಟ.

“ರಕ್ತದಾಗ ಏನೂ ಇಲ್ಲಂತ್ರಿ. ಬಟ್ಟಲಾಗಿಂದು ಅಷ್ಟೂ ಕುಡಿಸಿದ್ರ ಹಿಂಗ ಹೇಳಾಕ ಆಗತಿರಲಿಲ್ಲ ಅಂದ್ರು ಡಾಕ್ಟರಮ್ಮ.”

ಅವನು ಕಂಬ ಹಿಡಿದು ಕೂತ. ಕಣ್ಣಲ್ಲಿ ನೀರು ತಡೆಯಲಿಲ್ಲ, ಒರೆಸಿಕೊಳ್ಳಲೂ ಇಲ್ಲ.

“ಅಳಬ್ಯಾಡ್ರಿ,” ಅಂದಳು ದಾಕ್ಷಾಯಣಿ. ದನಿಯಲ್ಲಿ ಮೆತ್ತಗಿನದೇನೂ ಇರಲಿಲ್ಲ. “ನಿಮ್ಮ ಮ್ಯಾಲ ಸಿಟ್ಟ ಇಳಿದಿಲ್ಲ ನಂದು. ಆದ್ರ ಮಂದಿ ಮುಂದ ಬಂದು ಹೇಳಿದ್ರಿ. ಅದಕ್ಕ ನಾನೂ ಬಂದು ಹೇಳೀನಿ.”

ಬೂದಿ ಕೇಳಲಿಲ್ಲ. ಅಜ್ಜಾರಿಗೆ ಕೈ ಮುಗಿದು, ಕೂಸಿನ ತಲೆಗೆ ಸೆರಗು ಹೊದಿಸಿ ಹೊರಟಳು.

ಮಡಿವಾಳಯ್ಯ ಕಣ್ಣು ಒರೆಸಿಕೊಂಡ. ಆಮೇಲೆ ಎದ್ದು ಅಜ್ಜಾರ ಮುಂದೆ ನಿಂತ.

“ಅಜ್ಜಾರ, ಬೂದಿ ಕೆಲಸಾ ಬ್ಯಾರೆಯವರಿಗೆ ಹೇಳ್ರಿ. ದನಾ ಕಾಯತೇನಿ, ಕಸಾ ಹೊಡೀತೇನಿ. ಅದೊಂದು ಬ್ಯಾಡ್ರಿ.”

“ಯಾಕಪಾ?”

“ಅಂಜಿಕಿ ಆಗತೈತ್ರಿ.”

“ಮೊದಲ ಇರಲಿಲ್ಲೇನು ಅಂಜಿಕಿ?”

“ಇತ್ರಿ. ನೀವು ನನ್ನ ಹೊರಗ ಹಾಕ್ತೀರಿ ಅಂತ.”

“ಈಗ?”

ಮಡಿವಾಳಯ್ಯ ಹೊಳೆಯ ದಂಡೆಯ ಕಾಲುಹಾದಿಯ ಕಡೆ ನೋಡಿದ. ದಾಕ್ಷಾಯಣಿ ದೂರದಲ್ಲಿ ಸಣ್ಣಗೆ ಕಾಣುತ್ತಿದ್ದಳು.

“ಚಮಚಾ ನೋಡಿ ಆ ಕೂಸು ಬಾಯಿ ತಗೀತಲ್ರಿ. ಅದು ಕಣ್ಣ ಮುಂದಿಂದ ಹೋಗವಲ್ತು.”

ಅಜ್ಜಾರು ಎದ್ದು ಹಿತ್ತಲಿಗೆ ಹೋದರು. ಹಳೆಯ ಗುಂಡಿಯಿಂದ ದೂರ, ಕೊಟ್ಟಿಗೆಯ ಆ ಬದಿಗೆ, ಕೋಲಿನಿಂದ ನೆಲದ ಮೇಲೆ ದುಂಡಗೆ ಗೆರೆ ಎಳೆದರು. ಸಲಿಕೆ ತಂದು ಅವನ ಕೈಗೆ ಕೊಟ್ಟರು.

“ಹಂಗಾರ ಬ್ಯಾರೆಯವರು ಯಾಕ? ಹೊಸಾ ಗುಂಡಿ ತೋಡು. ಅಂಜಿಕೋತ ತೋಡು.”